ನಗಿಸಿದ ಪುಸ್ತಕದ ಹೆಸರು ಹೇಳಲು ನಾಚಿಕೆ ಯಾಕೆ?

ಈ ವಾರದ ಪತ್ರ ಅಂಕೋಲಾ ಕಡೆಯಿಂದ ಬಂದಿದೆ. ಬರೆದವಳು ಎಂಟನೇ ತರಗತಿಯ ಹುಡುಗಿ. ಆರು ಪುಟದ ಪತ್ರ. ಮುಖ್ಯ ಭಾಗವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ.

“ಅಕ್ಕೋರೇ, ನನಗೆ ಸಾಹಸದ ಕತೆ, ನಗೆಯ ಕತೆ ಅಂದರೆ ಪ್ರಾಣ. ಪಂಚಾಯ್ತಿ ಲೈಬ್ರರಿಯಲ್ಲಿ ‘ಟ್ರೆಷರ್ ಐಲ್ಯಾಂಡ್’ ಕತೆಯ ಕನ್ನಡ ಪುಸ್ತಕ ಸಿಕ್ಕಿತ್ತು. ಅದನ್ನು ನಾಲ್ಕು ಸಲ ಓದಿದ್ದೇನೆ. ಆಯಿ ಚಿಕ್ಕವಳಿದ್ದಾಗ ಕೂಡಿಟ್ಟ ಬಾಲಮಂಗಳ ಎಂಬ ಮಕ್ಕಳ ಪತ್ರಿಕೆಯ ಹಳೇ ಸಂಚಿಕೆಗಳು ಟ್ರಂಕಿನಲ್ಲಿವೆ. ಅದರಲ್ಲಿನ ಡಿಂಗನ ಕತೆ ಓದಿ ಒಬ್ಬಳೇ ನಗುತ್ತಿರುತ್ತೇನೆ. ಪಿಯುಸಿ ಓದುವ ಅಣ್ಣ ‘ಇನ್ನೂ ಚಿಕ್ಕ ಮಕ್ಕಳ ಪುಸ್ತಕವಾ’ ಅಂತ ಹಂಗಿಸುತ್ತಾನೆ. ಆಯಿ ‘ಉಪಯೋಗಕ್ಕೆ ಬರುವುದನ್ನು ಓದು’ ಅನ್ನುತ್ತಾಳೆ.

ಶಾಲೆಯಲ್ಲಿ ‘ನನ್ನ ಮೆಚ್ಚಿನ ಪುಸ್ತಕ’ ಅಂತ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ನಿಜ ಬರೆದರೆ ಎಲ್ಲರೂ ನಗುತ್ತಾರೆ ಅಂತ ಅಣ್ಣನ ಕಪಾಟಿನಲ್ಲಿದ್ದ ಒಂದು ದಪ್ಪ ಕಾದಂಬರಿಯ ಹೆಸರು ಬರೆದೆ. ಓದಿದ್ದು ಹಿಂದಿನ ರಟ್ಟು ಮತ್ತು ಹತ್ತು ಪುಟ. ನನಗೇ ಮೊದಲ ಬಹುಮಾನ ಬಂತು. ಎರಡನೆಯದು ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ. ಈಗ ಮಾಸ್ತರು ನವೆಂಬರ್ 14ರ ಮಕ್ಕಳ ದಿನಾಚರಣೆಯಲ್ಲಿ ಅದೇ ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡು ಅಂದಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಜ್ವರ ಅಂತ ಹೇಳಿ ಮಲಗಿಬಿಡಲಾ?

ಇನ್ನೊಂದು ಇದೆ. ಬೆಂಗಳೂರಿನ ಚಿಕ್ಕಪ್ಪನ ಮಗ ಇಂಗ್ಲಿಷಿನ ಒಂದು ಚಿತ್ರಕತೆ ಕೊಟ್ಟಿದ್ದ. ಟಿನ್‌ಟಿನ್ ಎಂಬ ಬಿಳಿಯ ಹುಡುಗ ಆಫ್ರಿಕಾದ ಕಾಂಗೋಗೆ ಹೋಗುವ ಕತೆ. ನನಗೆ ತುಂಬ ನಗು ಬಂತು. ಕ್ಲಾಸಿನ ಗೆಳತಿಗೆ ತೋರಿಸಿದೆ. ಅವಳು ಸಿದ್ದಿ ಜನಾಂಗದವಳು. ಎರಡು ಪುಟ ತಿರುವಿ, ಏನೂ ಹೇಳದೆ ವಾಪಸ್ ಕೊಟ್ಟಳು. ಆವತ್ತಿನಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ನಾನು ಏನು ಮಾಡಲಿ?”

ತಂಗೀ,

ಜ್ವರ ಅಂತ ಮಲಗಬೇಡ. ಹದಿನಾಲ್ಕನೇ ತಾರೀಕು ಕಳೆದರೆ ಮಾಸ್ತರು ಹದಿನೈದಕ್ಕೆ ಕರೆದು ಮಾತಾಡಿಸುತ್ತಾರೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರದಲ್ಲಿ ಪುಸ್ತಕದ ಬಗ್ಗೆ ಮಾತಾಡುವ ಹುಡುಗಿಯನ್ನು ಯಾರೂ ಬಿಡುವುದಿಲ್ಲ.

ನಿನ್ನ ಆರು ಪುಟವನ್ನು ಎರಡು ಸಲ ಓದಿದೆ. ಬಹುಮಾನ ತಂದುಕೊಟ್ಟ ಆ ದಪ್ಪ ಕಾದಂಬರಿಗೆ ನೀನು ಕೊಟ್ಟದ್ದು ಎರಡು ಸಾಲು. ‘ಟ್ರೆಷರ್ ಐಲ್ಯಾಂಡ್’ನ ಸೇಬಿನ ಪೀಪಾಯಿಗೆ ಒಂದೂವರೆ ಪುಟ! ಹಡಗಿನ ಮೇಲೆ ಜಿಮ್ ಎಂಬ ಹುಡುಗ ಒಂದು ಸೇಬಿಗಾಗಿ ಪೀಪಾಯಿಯೊಳಗೆ ಇಳಿಯುತ್ತಾನೆ. ಅದಕ್ಕೇ ಒರಗಿ ಕುಳಿತ ಸಿಲ್ವರ್ ಎಂಬ ಕಡಲ್ಗಳ್ಳ ಹಡಗು ಹಿಡಿಯುವ ಸಂಚನ್ನು ಬಾಯಿಬಿಡುತ್ತಾನೆ. ಅಷ್ಟರಲ್ಲಿ ‘ಒಂದು ಸೇಬು ತಂದುಕೊಡು’ ಎಂಬ ಮಾತು ಕೇಳುತ್ತದೆ. “ಸೊಳ್ಳೆ ಪರದೆಯೊಳಗೆ ಓದುತ್ತಿದ್ದೆ. ನಾನೂ ಉಸಿರು ಬಿಗಿ ಹಿಡಿದಿದ್ದೆ, ಪರದೆ ಅಲುಗಾಡಿದರೆ ಅವರಿಗೆ ಕೇಳಿಸುತ್ತದೆ ಅನ್ನಿಸಿತು” ಅಂತ ಬರೆದಿದ್ದೀಯ.

ಮತ್ತೆ ಆ ಬೆನ್ ಗನ್. ಮೂರು ವರ್ಷ ದ್ವೀಪದಲ್ಲಿ ಒಬ್ಬನೇ ಇದ್ದವನು. ಮನುಷ್ಯರನ್ನು ಕಂಡಾಗ ಅವನು ಕೇಳುವುದು ಚಿನ್ನವಲ್ಲ, ಒಂದು ತುಂಡು ಚೀಸ್. ಅದಕ್ಕೆ ನೀನು ಬರೆದದ್ದು ಇದು: “ನಮ್ಮ ಅಜ್ಜಿ ಒಂದು ತಿಂಗಳು ಬೆಂಗಳೂರಲ್ಲಿ ಇದ್ದು ಬಂದವಳು ಬಸ್ಸಿನಿಂದ ಇಳಿದ ಕೂಡಲೇ ‘ಒಂದು ಒಣ ಬಂಗಡೆ ಸುಡೇ’ ಅಂದಳಲ್ಲ, ಹಾಗೆ.”

ನಾನು ಮೂವತ್ತನಾಲ್ಕು ವರ್ಷ ಅಕ್ಕೋರಾಗಿದ್ದವಳು. ‘ಈ ಕೃತಿಯು ಜೀವನದ ಮೌಲ್ಯಗಳನ್ನು ಎತ್ತಿ ಹಿಡಿಯುತ್ತದೆ’ ಎಂಬ ಸಾಲನ್ನು ಎಷ್ಟು ಪ್ರಬಂಧದಲ್ಲಿ ಓದಿದ್ದೇನೋ, ಲೆಕ್ಕವಿಲ್ಲ. ಒಣ ಬಂಗಡೆಯ ಹೋಲಿಕೆ ಒಂದು ಸಲವೂ ಸಿಕ್ಕಿರಲಿಲ್ಲ. ಪುಸ್ತಕವನ್ನು ನಿಜವಾಗಿ ಓದಿದವರಿಗೆ ಮಾತ್ರ ಹೊಳೆಯುವ ಮಾತು ಅದು. ಅಂಥ ಮಾತು ನಿನ್ನ ಹತ್ತಿರ ಇದ್ದಾಗ, ಬೇರೆ ಯಾರದೋ ಕಪಾಟಿನ ಪುಸ್ತಕದ ಹಿಂದೆ ಅಡಗಿ ಕೂತೆಯಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ.

ಅಣ್ಣ ‘ಚಿಕ್ಕ ಮಕ್ಕಳ ಪುಸ್ತಕ’ ಅಂದ, ಅಲ್ವಾ? ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ ಬಗೆಯನ್ನು ಅವನಿಗೆ ಹೇಳು. 1881ರ ಮಳೆಗಾಲ, ಸ್ಕಾಟ್ಲೆಂಡಿನ ಬ್ರೇಮರ್ ಎಂಬ ಊರು. ನಮ್ಮ ಆಷಾಢದ ಹಾಗೇ ಹೊರಗೆ ಕಾಲಿಡಲು ಆಗದ ಹವೆ. ಅದನ್ನು ಬರೆದ ಸ್ಟೀವನ್‌ಸನ್ ತನ್ನ ಹೆಂಡತಿಯ ಮಗನ ಜೊತೆ ಮನೆಯೊಳಗೇ ಬಣ್ಣ ಹಚ್ಚುತ್ತ ಕೂತಿದ್ದ. ಆಟಕ್ಕೆ ಅಂತ ಒಂದು ದ್ವೀಪದ ನಕ್ಷೆ ಬರೆದ. ನಕ್ಷೆ ನೋಡುತ್ತ ನೋಡುತ್ತ ಅದರಲ್ಲಿ ಜನ ಓಡಾಡತೊಡಗಿದರು. ದಿನಕ್ಕೊಂದರಂತೆ ಹದಿನೈದು ದಿನಕ್ಕೆ ಹದಿನೈದು ಅಧ್ಯಾಯ ಬರೆದ, ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದ. ಹದಿನಾರನೆಯದಕ್ಕೆ ಕೈ ನಿಂತೇ ಹೋಯಿತು. ಉಳಿದದ್ದನ್ನು ಆ ಚಳಿಗಾಲದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಮುಗಿಸಿದ. ಪುಸ್ತಕವಾಗಿ ಬಂದದ್ದು 1883ರಲ್ಲಿ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಅವನ ಅಪ್ಪನ ಭಾಗ. ಥಾಮಸ್ ಸ್ಟೀವನ್‌ಸನ್ ಹೆಸರಾಂತ ಎಂಜಿನಿಯರ್. ಸಮುದ್ರದಲ್ಲಿ ದೀಪಸ್ತಂಭ ಕಟ್ಟುವುದು ಆ ಮನೆತನದ ಕೆಲಸ. ಕಾರವಾರದ ಎದುರಿಗೆ ದೇವಗಡ ದ್ವೀಪದ ದೀಪ ನೋಡಿದ್ದೀಯಲ್ಲ, ಅಂಥ ಕೆಲಸ. ಆಗ ಅವರಿಗೆ ಅರವತ್ತು ದಾಟಿತ್ತು. ಮಗ ಕತೆ ಓದುವಾಗ ಅವರೂ ಹುಡುಗನ ಪಕ್ಕದಲ್ಲಿ ಕೂತು ಕೇಳಿದರು. ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನು ಸಾಮಾನು ಇರಬೇಕು ಎಂದು ಹೆಚ್ಚುಕಡಿಮೆ ಇಡೀ ದಿನ ಕೂತು ಪಟ್ಟಿ ಮಾಡಿ ಕೊಟ್ಟರು. ಮಗ ಆ ಪಟ್ಟಿಯನ್ನು ಹಾಗೇ ಕತೆಗೆ ಸೇರಿಸಿದ. ದೀಪಸ್ತಂಭ ಕಟ್ಟುವ ಮನುಷ್ಯನಿಗೆ ಇದು ಚಿಕ್ಕ ಮಕ್ಕಳ ಕೆಲಸ ಅನ್ನಿಸಲಿಲ್ಲ. (ಮುಂದೆ ಆ ನಕ್ಷೆ ಅಚ್ಚಿಗೆ ಕಳಿಸುವಾಗ ಕಳೆದೇ ಹೋಯಿತು. ಪುಸ್ತಕ ನೋಡಿಕೊಂಡು ಹೊಸದಾಗಿ ಬರೆಯಬೇಕಾಯಿತು. ಅದು ಎಂದೂ ಮೊದಲಿನದರಂತೆ ಅನ್ನಿಸಲಿಲ್ಲ ಎಂದು ಸ್ಟೀವನ್‌ಸನ್ ಬರೆದುಕೊಂಡಿದ್ದಾನೆ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.)

ಅಣ್ಣ ತೇಜಸ್ವಿಯವರ ‘ಕರ್ವಾಲೋ’ ಓದಿದ್ದಾನಾ ಕೇಳು. ಪಿಯುಸಿ ಹುಡುಗರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುವುದನ್ನು ನೋಡಿದ್ದೇನೆ. 1980ರ ಆ ಕಾದಂಬರಿಯಲ್ಲಿ ನಡೆಯುವುದೇನು? ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಇನ್ನೂ ನಾಲ್ಕಾರು ಜನ ಮತ್ತೊಂದು ನಾಯಿ ಸೇರಿ ಘಟ್ಟದ ಕಾಡಿನಲ್ಲಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಪೂರ್ತಿ ಸಾಹಸದ ಕತೆ. ನಗದೆ ಹತ್ತು ಪುಟ ಓದಲು ಆಗುವುದಿಲ್ಲ. ದೊಡ್ಡವರು ಅದನ್ನು ಓದಿ ನಕ್ಕರೆ ಸಾಹಿತ್ಯ, ನೀನು ಡಿಂಗನನ್ನು ಓದಿ ನಕ್ಕರೆ ಮಕ್ಕಳಾಟ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಎರಡೂ ಒಂದೇ ಮಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಿನಗೆ ಸುಳ್ಳು ಹೇಳಿದಂತೆ. ನಿನ್ನೊಳಗೆ ನಗುವ ಜಾಗ ಒಂದೇ. ಅದನ್ನು ಈಗಲೇ ಮುಚ್ಚಿಕೊಂಡರೆ ಮುಂದೆ ‘ಕರ್ವಾಲೋ’ ಕೈಗೆ ಬಂದಾಗಲೂ ನಗು ಬರುವುದಿಲ್ಲ.

ಆಯಿಯ ವಿಷಯಕ್ಕೆ ಒಂದೇ ಮಾತು. ಆ ಸಂಚಿಕೆಗಳನ್ನು ಇಷ್ಟು ವರ್ಷ ಟ್ರಂಕಿನಲ್ಲಿ ಜೋಪಾನ ಮಾಡಿದವರು ಯಾರು? ನಮ್ಮ ಕಡೆಯ ಮಳೆಗಾಲದಲ್ಲಿ ಕಾಗದ ಉಳಿಸಿಕೊಳ್ಳುವುದು ಸುಲಭವಲ್ಲ. ಗೆದ್ದಲು, ಬೂಸು, ಸೋರುವ ಮಾಡು. ಉಪಯೋಗವಿಲ್ಲದ್ದನ್ನು ಯಾರೂ ಹಾಗೆ ಕಾಯುವುದಿಲ್ಲ. ಒಂದು ಸಂಜೆ ಅವಳ ಪಕ್ಕ ಕೂತು ‘ಆಯಿ, ನಿನಗೆ ಇದರಲ್ಲಿ ಯಾವ ಕತೆ ಇಷ್ಟ?’ ಅಂತ ಕೇಳು. ವಾದ ಮಾಡಬೇಡ. ಸುಮ್ನೆ ಕೇಳು.

ನಗೆಯ ಕತೆ ಅಂದರೆ ಕೀಳು ಎಂಬ ಭಾವನೆ ಎಲ್ಲಿಂದ ಬಂತೋ. ನಮ್ಮ ಜಿಲ್ಲೆಯವರಿಗಂತೂ ಅದು ಬರಬಾರದು. ನಾನು ಚಿಕ್ಕವಳಿದ್ದಾಗ ಗದ್ದೆ ಬಯಲಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡುತ್ತಿದ್ದೆವು. ಎರಡು ಗಂಟೆ ಹೊತ್ತಿಗೆ ಕಂಬಳಿಯೊಳಗೆ ನಿದ್ದೆ ಹೋದರೆ, ಹಾಸ್ಯದವನು ರಂಗಕ್ಕೆ ಬಂದ ಕೂಡಲೇ ಅಜ್ಜಿ ತಟ್ಟಿ ಎಬ್ಬಿಸುತ್ತಿದ್ದಳು. ಅವನು ಒಮ್ಮೆ ದೂತ, ಒಮ್ಮೆ ಬಾಗಿಲು ಕಾಯುವವನು, ಒಮ್ಮೆ ಮುದುಕ. ರಾಜನ ಎದುರು ಬೇರೆ ಯಾರೂ ಆಡಲಾರದ ಮಾತನ್ನು ಅವನು ಆಡಿ ದಕ್ಕಿಸಿಕೊಳ್ಳುತ್ತಿದ್ದ. ಹೊನ್ನಾವರದ ಹತ್ತಿರದ ಕರ್ಕಿಯಲ್ಲಿ ‘ಹಾಸ್ಯಗಾರ’ ಅನ್ನುವುದು ಮನೆತನದ ಹೆಸರೇ ಆಗಿದೆ. ನಗಿಸುವುದನ್ನು ಅಷ್ಟು ದೊಡ್ಡ ವಿದ್ಯೆಯೆಂದು ತಿಳಿದ ಸೀಮೆ ನಮ್ಮದು.

ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆ, ನಿನಗೆ ಗೊತ್ತು. ರವೀಂದ್ರನಾಥ ಟ್ಯಾಗೋರರು ಇಪ್ಪತ್ತೆರಡರ ಆಸುಪಾಸಿನಲ್ಲಿ ಅಲ್ಲಿ ಬಂದು ಉಳಿದಿದ್ದರು. ಅವರ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಬೆಟ್ಟದ ಮೇಲಿನ ಹಳೇ ಕೋಟೆಯ ಹತ್ತಿರ ಇಳಿದು, ತಿರುಗಿ ಬರುವಾಗ ನದಿಯ ಬಾಯಲ್ಲಿ ಇಳಿದು ಮರಳಿನ ಮೇಲೆ ನಡೆದುಕೊಂಡು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಶಾಲೆಯ ಭಾಷಣಗಳಲ್ಲಿ ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಅದೇ ಟ್ಯಾಗೋರರು ನೊಬೆಲ್ ಬಂದು ಇಪ್ಪತ್ತು ವರ್ಷ ದಾಟಿದ ಮೇಲೆ, ಎಪ್ಪತ್ತೈದರ ಮುದುಕರಾಗಿ, ಮೊಮ್ಮಗಳ ಜೊತೆ ಕೂತು ತಲೆಬುಡವಿಲ್ಲದ ತಮಾಷೆ ಕತೆ ಕಟ್ಟಿದರು. 1937ರಲ್ಲಿ ಅದು ‘ಶೇ’ ಎಂಬ ಪುಸ್ತಕವಾಯಿತು. ‘ಶೇ’ ಅಂದರೆ ‘ಅವನು’ ಅಷ್ಟೇ. ಅದೇ ವರ್ಷ ಹುಚ್ಚುಹುಚ್ಚಾದ ಪದ್ಯಗಳ ಇನ್ನೊಂದು ಪುಸ್ತಕವೂ ಬಂತು. ಚಿತ್ರಗಳನ್ನೂ ಅವರೇ ಬಿಡಿಸಿದರು. ಜಗತ್ತಿನಲ್ಲಿ ಸಿಗಬೇಕಾದ ಮರ್ಯಾದೆಯೆಲ್ಲ ಸಿಕ್ಕ ಮೇಲೆ ಅವರಿಗೆ ಬೇಕಾದದ್ದು ಒಂದು ಮಗುವಿನ ನಗು.

ಇದನ್ನು ಇಷ್ಟು ಒತ್ತಿ ಹೇಳಲು ನನಗೆ ಒಂದು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದು. ಬೋಟಿಗೆ ಹೋಗುವವರ ಮನೆಯ ಹುಡುಗನೊಬ್ಬ ಗಣಿತದ ಪುಸ್ತಕದೊಳಗೆ ಚಿತ್ರಕತೆ ಇಟ್ಟುಕೊಂಡು ನಗುತ್ತಿದ್ದ. ಏನಿದೆ ಅದರಲ್ಲಿ ಅಂದೆ. “ನಗು ಬತ್ತದೆ ಅಕ್ಕೋರೆ” ಅಂದ. ಕಿತ್ತುಕೊಂಡು ಕಪಾಟಿನಲ್ಲಿ ಇಟ್ಟೆ. ವರ್ಷದ ಕೊನೆಗೆ ಕೊಡುತ್ತೇನೆ ಅಂದಿದ್ದೆ. ಮರೆತೆ. ಅವನು ಕೇಳಲಿಲ್ಲ. ಏಳನೇ ತರಗತಿ ಮುಗಿಸಿ ಹೋದ. ಅಲ್ಲಿಯವರೆಗೂ ಅವನ ಕೈಯಲ್ಲಿ ಪಠ್ಯ ಬಿಟ್ಟು ಬೇರೆ ಪುಸ್ತಕ ನಾನು ನೋಡಲೇ ಇಲ್ಲ. ನನಗೆ ಆ ಊರಿಂದ ವರ್ಗವಾದಾಗ ಕಪಾಟು ಖಾಲಿ ಮಾಡುತ್ತಿದ್ದೆ. ಹಾಜರಿ ಪುಸ್ತಕಗಳ ಅಡಿಯಲ್ಲಿ ಅದು ಸಿಕ್ಕಿತು. ರಟ್ಟು ಹರಿದಿತ್ತು. ಒಳಗೆ ಹುಡುಗನ ಹೆಸರು, ಅದರ ಕೆಳಗೆ ‘ಓದಿ ವಾಪಸ್ ಕೊಡಬೇಕು’ ಅಂತ ಬೇರೆ ಯಾರದೋ ಅಕ್ಷರ. ಅದು ಅವನದೂ ಆಗಿರಲಿಲ್ಲ, ಕಡ ತಂದದ್ದು. ಆ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ. ಕೊಡಲು ಆ ಹುಡುಗ ಸಿಕ್ಕಿಲ್ಲ.

ಈಗ ಗೆಳತಿಯ ವಿಷಯ. ಬಹುಮಾನಕ್ಕಿಂತ ಇದು ದೊಡ್ಡದು.

ಆ ಚಿತ್ರಕತೆ ಬರೆದ ಬೆಲ್ಜಿಯಂನ ಹೆರ್ಜೆಗೆ ಆಗ ಇಪ್ಪತ್ತಮೂರು ವರ್ಷ. ಕಾಂಗೋ ಆಗ ಬೆಲ್ಜಿಯಂ ಕೈಕೆಳಗಿತ್ತು. ಅವನು ಅಲ್ಲಿಗೆ ಕಾಲಿಟ್ಟವನೇ ಅಲ್ಲ. ಸುತ್ತಲಿನ ಬಿಳಿಯ ಜನ ಆಫ್ರಿಕಾದವರ ಬಗ್ಗೆ ಏನು ಅಂದುಕೊಂಡಿದ್ದರೋ ಅದನ್ನೇ ಬಿಡಿಸಿದ. ದಪ್ಪ ತುಟಿ, ಬೆಪ್ಪು ಮುಖ, ಎಲ್ಲದಕ್ಕೂ ಬಿಳಿಯ ಹುಡುಗನೇ ಬುದ್ಧಿ ಹೇಳಬೇಕು. 1946ರಲ್ಲಿ ಬಣ್ಣದಲ್ಲಿ ಮತ್ತೆ ಬರೆಯುವಾಗ ಕೆಲವು ಕಡೆ ತಿದ್ದಿದ. ‘ನಿಮ್ಮ ದೇಶ ಬೆಲ್ಜಿಯಂ’ ಅಂತ ಆಫ್ರಿಕಾದ ಮಕ್ಕಳಿಗೆ ಹೇಳಿಕೊಡುವ ಪಾಠವನ್ನು ತೆಗೆದು ಲೆಕ್ಕದ ಪಾಠ ಹಾಕಿದ. ಆ ಜನರನ್ನು ಬಿಡಿಸಿದ ರೀತಿ ಮಾತ್ರ ಹೆಚ್ಚು ಬದಲಾಗಲಿಲ್ಲ. ಆ ಕಾಲದ ಪೂರ್ವಗ್ರಹಗಳು ನನ್ನೊಳಗೂ ತುಂಬಿದ್ದವು ಎಂದು ಮುಂದೆ ಅವನೇ ಒಪ್ಪಿಕೊಂಡ.

ನಿನ್ನ ಗೆಳತಿಯ ಹಿರಿಯರು ಆಫ್ರಿಕಾದಿಂದ ಬಂದವರು. ಖುಷಿಯಿಂದ ಬಂದದ್ದಲ್ಲ. ಹೆಚ್ಚಿನವರನ್ನು ಗುಲಾಮರಾಗಿ ಹಡಗಿನಲ್ಲಿ ತಂದರು. ತಪ್ಪಿಸಿಕೊಂಡವರು ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡು ಸೇರಿದರು. ಅವಳು ಕನ್ನಡ, ಕೊಂಕಣಿ ಮಾತಾಡುವ ನಮ್ಮೂರ ಹುಡುಗಿ. ಆದರೂ ಬಸ್ಸಿನಲ್ಲಿ, ಪೇಟೆಯಲ್ಲಿ ಜನ ಅವಳನ್ನು ತಿರುಗಿ ತಿರುಗಿ ನೋಡುವುದನ್ನು ನೀನೂ ಕಂಡಿರಬೇಕು. ಆ ಪುಟದಲ್ಲಿ ನೀನು ಕಂಡದ್ದು ತಮಾಷೆ. ಅವಳು ಕಂಡದ್ದು ಆ ನೋಟ. ಅದನ್ನು ತೋರಿಸಿದ ಕೈ ಗೆಳತಿಯದು.

ನಿನಗೆ ನಗು ಬಂದದ್ದಕ್ಕೆ ನಾನು ನಿನ್ನನ್ನು ಬೈಯುವುದಿಲ್ಲ. ನಗು ಕೇಳಿ ಬರುವುದಿಲ್ಲ. ಆದರೆ ಈಗ ನಿನಗೆ ಗೊತ್ತಾಗಿದೆ. ಊಟದ ಹೊತ್ತಿಗೆ ನೀನೇ ಅವಳ ಹತ್ತಿರ ಹೋಗು. ‘ಆ ಪುಸ್ತಕ ತೋರಿಸಬಾರದಿತ್ತು. ನನಗೆ ಹೊಳೆಯಲಿಲ್ಲ. ತಪ್ಪಾಯ್ತು’ ಅಷ್ಟು ಹೇಳು. ‘ತಮಾಷೆಗೆ ತೋರಿಸಿದೆ’ ಅಂತ ಮಾತ್ರ ಸೇರಿಸಬೇಡ. ಅವಳು ಕೂಡಲೇ ನಗದಿದ್ದರೂ ಪಕ್ಕದಲ್ಲಿ ಕೂತು ಊಟ ಮಾಡು. ಮಾರನೇ ದಿನವೂ ಕೂರು. ಅವಳ ಅಜ್ಜಿ ಹೇಳುವ ಕತೆಗಳಿದ್ದರೆ, ಅವಳಿಗೆ ಹೇಳಬೇಕು ಅನ್ನಿಸಿದ ದಿನ ಕೇಳು. ಟಿನ್‌ಟಿನ್ ಪೂರ್ತಿ ಬಿಡಬೇಕಾಗಿಲ್ಲ. ಹೆರ್ಜೆ ಆಮೇಲೆ ತುಂಬ ಒಳ್ಳೆಯದನ್ನೂ ಮಾಡಿದ. ಆದರೆ ಓದುವಾಗ ಇಲ್ಲಿ ಯಾರನ್ನು ನೋಡಿ ನಗುತ್ತಿದ್ದೇನೆ ಎಂದು ಒಮ್ಮೆ ನಿಂತು ನೋಡು. ಬೆನ್ ಗನ್‌ನ ಚೀಸ್‌ಗೆ ನಗುವಾಗ ನೀನು ಅವನ ಪಕ್ಕದಲ್ಲೇ ಇದ್ದೆ, ನಿನ್ನ ಅಜ್ಜಿಯ ಪಕ್ಕದಲ್ಲಿ ಇದ್ದ ಹಾಗೆ.

ಇನ್ನು ಪ್ರಬಂಧ. ಇಲ್ಲಿ ನಿನ್ನನ್ನು ಸ್ವಲ್ಪ ಗಟ್ಟಿಯಾಗಿ ಹಿಡಿಯಬೇಕು. ‘ಎರಡನೆಯದು ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ನಾನು ಆ ಸಾಲಿನಲ್ಲಿ ನಿಂತುಬಿಟ್ಟೆ. ಅವನು ನಿಜವಾಗಿ ಓದಿದ ಪುಸ್ತಕದ ಬಗ್ಗೆ ಬರೆದಿದ್ದರೆ, ಮೊದಲ ಬಹುಮಾನ ಅವನದು. ನಿನ್ನ ನಿದ್ದೆ ಕೆಟ್ಟಿರುವುದು ವೇದಿಕೆಯ ಹೆದರಿಕೆಗೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಮಾಸ್ತರ ಹತ್ತಿರ ಹೋಗು. ಪ್ರಾರ್ಥನೆ ಸಾಲಿನಲ್ಲಿ ಬೇಡ, ಎಲ್ಲರ ಎದುರು ಬೇಡ. ಶಾಲೆ ಬಿಟ್ಟ ಮೇಲೆ, ಅವರು ಸ್ಟಾಫ್ ರೂಮಿನಲ್ಲಿ ಒಬ್ಬರೇ ಇರುವಾಗ. ಕಾರಣಗಳಿಂದ ಶುರು ಮಾಡಬೇಡ. ‘ಮಾಸ್ತರೇ, ನಾನು ಆ ಪುಸ್ತಕ ಓದಿರಲಿಲ್ಲ’ ಅನ್ನು. ಉಳಿದ ಮಾತು ತಾನೇ ಬರುತ್ತದೆ. ಬಹುಮಾನವನ್ನು ಜೊತೆಗೇ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಡು. ಅವರು ಸಿಟ್ಟಾಗಬಹುದು. ಆಗಲಿ. ಸಿಟ್ಟಾಗುವ ಹಕ್ಕು ಅವರಿಗಿದೆ. ಆದರೆ ಮೂವತ್ತನಾಲ್ಕು ವರ್ಷದ ಅನುಭವದಿಂದ ಹೇಳುತ್ತೇನೆ, ತಾನೇ ಬಂದು ಹೇಳಿದ ಮಗುವಿನ ಮೇಲೆ ನನ್ನ ಸಿಟ್ಟು ಸಂಜೆಯವರೆಗೂ ಉಳಿದದ್ದಿಲ್ಲ. ಆಮೇಲೆ ಕೇಳು: ‘ಹದಿನಾಲ್ಕಕ್ಕೆ ನಾನು ಓದಿದ ಪುಸ್ತಕದ ಬಗ್ಗೆ ಮಾತಾಡಬಹುದಾ?’ ಬೇಡ ಅಂದರೆ ಆ ಹುಡುಗ ಮಾತಾಡುತ್ತಾನೆ. ನೀನು ಮೊದಲ ಸಾಲಿನಲ್ಲಿ ಕೂತು ಕೇಳು. ಹೂಂ ಅಂದರೆ ನಾನು ಹೇಳುವುದನ್ನು ಮಾಡಿ ನೋಡು.

ಲೇಖಕ ಹುಟ್ಟಿದ ಊರು, ಇಸವಿಯಿಂದ ಶುರು ಮಾಡಬೇಡ. ಪುಸ್ತಕವನ್ನೇ ವೇದಿಕೆಗೆ ತೆಗೆದುಕೊಂಡು ಹೋಗು. ಪೀಪಾಯಿಯ ಪುಟ ತೆರೆದು, ಜಿಮ್ ಒಳಗೆ ಇಳಿಯುವಲ್ಲಿಂದ ಒಂದು ನಿಮಿಷ ಓದು. ನಿಧಾನವಾಗಿ. ‘ಒಂದು ಸೇಬು ತಂದುಕೊಡು’ ಅನ್ನುವಲ್ಲಿಗೆ ಪುಸ್ತಕ ಮುಚ್ಚಿಬಿಡು. ಮುಂದೇನಾಯಿತು ಅಂತ ಹೇಳಬೇಡ, ಯಾರು ಎಷ್ಟೇ ಕೇಳಿದರೂ. ಆಮೇಲೆ ಸೊಳ್ಳೆ ಪರದೆಯ ಮಾತು, ಅಜ್ಜಿಯ ಒಣ ಬಂಗಡೆಯ ಮಾತು. ಮಳೆಯಲ್ಲಿ ಬರೆದ ನಕ್ಷೆಯ ಕತೆಯನ್ನೂ ಬೇಕಿದ್ದರೆ ಹೇಳು. ಪುಸ್ತಕ ಪಂಚಾಯ್ತಿ ಲೈಬ್ರರಿಯಲ್ಲಿ ಸಿಗುತ್ತದೆ, ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ದುಡ್ಡು ಕೊಡಬೇಕಾಗಿಲ್ಲ ಅನ್ನುವುದನ್ನು ಮರೆಯದೆ ಹೇಳು. ಅದಕ್ಕಿಂತ ಮೊದಲು ನೀನು ತಂದ ಪುಸ್ತಕವನ್ನು ವಾಪಸ್ ಕೊಟ್ಟಿರಬೇಕು! ನಾಲ್ಕು ಸಲ ಓದಿದ್ದೀಯ ಅಂದರೆ ಅದು ಲೈಬ್ರರಿಗಿಂತ ನಿನ್ನ ಮನೆಯಲ್ಲೇ ಜಾಸ್ತಿ ಇದ್ದ ಹಾಗಿದೆ.

ಹದಿನಾಲ್ಕು ಕಳೆದ ಮೇಲೆ ನನಗೆ ಬರೆ. ಮಾಸ್ತರು ಏನಂದರು, ಗೆಳತಿ ಪಕ್ಕದಲ್ಲಿ ಕೂತಳಾ, ಅದನ್ನು ಬರೆ. ನೀನು ಪುಸ್ತಕ ಮುಚ್ಚಿದಾಗ ಹಿಂದಿನ ಬೆಂಚಿನ ಹುಡುಗರು ಗಲಾಟೆ ನಿಲ್ಲಿಸಿದ್ದರಾ, ಅದನ್ನಂತೂ ಬಿಡದೆ ಬರೆ.

ನಿನ್ನ,
ಅಕ್ಕೋರು